ಮೇಜಿನ ಮೇಲಿನ ಮಹಾಯುದ್ಧ

ವೈಜ್ಞಾನಿಕ ಕಥೆಗಳನ್ನು ಓದುವವರಿಗೆ ಎಚ್. ಜಿ. ವೆಲ್ಸನ ಹೆಸರು ಹೊಸದಲ್ಲ. ಮಂಗಳಲೋಕದವರು ಭೂಮಿಯ ಮೇಲೆ ದಂಡೆತ್ತಿ ಬಂದ ಕಥೆಯನ್ನು 1898ರಲ್ಲಿ ಪುಸ್ತಕವಾಗಿ ಕೊಟ್ಟವನು ಆತ. ಅದೇ ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಆಟದ ಪುಸ್ತಕವೊಂದನ್ನೂ ಬರೆದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆಟಿಕೆಯ ಸಿಪಾಯಿಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿ, ಸ್ಪ್ರಿಂಗಿನ ಪುಟ್ಟ ಫಿರಂಗಿಯಿಂದ ಅವರನ್ನು ಉರುಳಿಸುವ ಆಟ. ಇಂಥ ಬೊಂಬೆಯ ಕಾಳಗವನ್ನು ಆಡಿದವರಿಗೆ ನಿಜವಾದ ಯುದ್ಧವು ಎಂಥ ಅವಿವೇಕವೆಂಬುದು ಮನದಟ್ಟಾದೀತೆಂದು ಆತ ನಂಬಿದ್ದ. ಮರುವರ್ಷವೇ ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು.

ವೆಲ್ಸನ ಈ ಎರಡು ಹುಚ್ಚುಗಳೂ ಮುಂದೆ ಒಂದಾಗಿ ಹಲವು ಆಟಗಳು ಹುಟ್ಟಿದವು. ಅವುಗಳಲ್ಲಿ ಹೆಸರಾದದ್ದು ‘ವಾರ್‌ಹ್ಯಾಮರ್ 40,000’. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆ ಇದನ್ನು 1987ರಲ್ಲಿ ಹೊರತಂದಿತು. ನಿಯಮಗಳನ್ನು ರಚಿಸಿದವನು ರಿಕ್ ಪ್ರೀಸ್ಟ್ಲಿ. ಹೆಬ್ಬೆರಳಿನ ಉದ್ದಕ್ಕಿಂತ ಹೆಚ್ಚಿಲ್ಲದ ಯೋಧರ ಬೊಂಬೆಗಳು. ಅವುಗಳ ಬಿಡಿಭಾಗಗಳನ್ನು ಆಟಗಾರನೇ ಅಂಟಿಸಿ ಜೋಡಿಸಿ, ಬಣ್ಣ ಬಳಿಯಬೇಕು. ಆಮೇಲೆ ಮೇಜಿನ ಮೇಲೆ ಅಂಗುಲಗಳ ಲೆಕ್ಕದಲ್ಲಿ ನಡೆಸಬೇಕು. ಗುಂಡು ತಗಲಿತೇ ಇಲ್ಲವೇ ಎಂಬುದನ್ನು ಆರು ಮುಖದ ದಾಳಗಳು ಹೇಳುತ್ತವೆ. ನಮ್ಮ ಚದುರಂಗದಲ್ಲಿಯೂ ನಾಲ್ಕು ಅಂಗಗಳ ಸೇನೆಯಿದೆ, ನಿಜ. ಆದರೆ ಅಲ್ಲಿಯ ಕುದುರೆಗೆ ಊರಿಲ್ಲ, ಹೆಸರಿಲ್ಲ. ಇಲ್ಲಿ ಪ್ರತಿಯೊಂದು ಬೊಂಬೆಯ ಹಿಂದೆಯೂ ಒಂದು ಪುರಾಣವಿದೆ. ಮಾನವಕುಲ ಹತ್ತು ಲಕ್ಷ ಲೋಕಗಳಿಗೆ ಹಬ್ಬಿದೆ. ಅದರ ಚಕ್ರವರ್ತಿ ಹತ್ತು ಸಾವಿರ ವರ್ಷಗಳಿಂದ ಬದುಕಿಯೂ ಇಲ್ಲದೆ ಸತ್ತೂ ಇಲ್ಲದೆ ಬಂಗಾರದ ಸಿಂಹಾಸನದಲ್ಲಿ ಕುಳಿತಿದ್ದಾನೆ. ಅವನ ಹೆಸರಿನಲ್ಲಿ ನಡೆಯುವ ಯುದ್ಧಕ್ಕೆ ಕೊನೆಯೆಂಬುದಿಲ್ಲ.

ಇಷ್ಟೆಲ್ಲ ಇದ್ದೂ ಈ ಆಟದ ಅಭಿಮಾನಿಗಳು ‘ಇನ್ನಷ್ಟು ಬೇಕು’ ಎನ್ನುತ್ತಾರೆ. ಏನು ಬೇಕು? ಬೆಲೆ ಇಳಿಯಬೇಕು, ನಿಯಮಗಳು ಪದೇ ಪದೇ ಬದಲಾಗಬಾರದು ಎಂಬ ದೂರುಗಳು ಇದ್ದದ್ದೇ. 2017, 2020, 2023 ಎಂದು ಮೂರು ಮೂರು ವರ್ಷಕ್ಕೆ ಹೊಸ ಆವೃತ್ತಿ ಬಂದರೆ ಯಾರು ತಾನೆ ಗೊಣಗುವುದಿಲ್ಲ? ಅದು ಗಿರಾಕಿಯ ಮಾತು, ಬಿಡಿ. ನನ್ನ ಕುತೂಹಲವಿರುವುದು ಓದುಗನ ಬಯಕೆಯನ್ನು ಹೋಲುವ ಬೇರೆ ಬೇಡಿಕೆಗಳಲ್ಲಿ.

ಮೊದಲನೆಯದು, ಮರೆತವರನ್ನು ಕರೆತನ್ನಿ ಎಂಬುದು. ಈ ಆಟದಲ್ಲಿ ಸ್ಪೇಸ್ ಮರೀನ್‌ಗಳೆಂಬ ಕವಚಧಾರಿ ವೀರರದೇ ಮೆರವಣಿಗೆ. ಹೊಸ ಅಚ್ಚು, ಹೊಸ ಪುಸ್ತಕ, ಮುಖಪುಟ ಎಲ್ಲವೂ ಮೊದಲು ಅವರಿಗೆ. ಉಳಿದ ಸೇನೆಗಳನ್ನು ಪ್ರೀತಿಸಿದವರು ಕಾಯಬೇಕು. ಸಿಸ್ಟರ್ಸ್ ಆಫ್ ಬ್ಯಾಟಲ್ ಎಂಬ ಸನ್ಯಾಸಿನಿ ಯೋಧೆಯರಿಗೆ 1997ರಲ್ಲಿ ತಮ್ಮದೇ ಪುಸ್ತಕ ದೊರೆತಿತ್ತು. ಆದರೆ ಅವರ ದುಬಾರಿಯಾದ ಲೋಹದ ಬೊಂಬೆಗಳ ಬದಲು ಪ್ಲಾಸ್ಟಿಕ್ಕಿನ ಪೂರ್ಣ ಸೇನೆ ಬಂದದ್ದು 2019ರ ಕೊನೆಯಲ್ಲಿ. ಸ್ಕ್ವಾಟ್‌ಗಳೆಂಬ ಕುಳ್ಳರ ಕಥೆ ಇನ್ನೂ ವಿಚಿತ್ರವಾದದ್ದು. ಆರಂಭದ ವರ್ಷಗಳಲ್ಲಿ ಇದ್ದ ಅವರು 1990ರ ದಶಕದಲ್ಲಿ ಆಟದಿಂದ ಮಾಯವಾದರು. ಅವರನ್ನು ಟೈರನಿಡ್ ಎಂಬ ಹಸಿದ ಜೀವರಾಶಿ ತಿಂದುಹಾಕಿತೆಂಬ ಸಮಜಾಯಿಷಿ ಬಂದಿತು. ಅಭಿಮಾನಿಗಳು ಒಪ್ಪಲಿಲ್ಲ, ಎರಡು ದಶಕಕ್ಕೂ ಹೆಚ್ಚು ಕಾಲ ಕೇಳುತ್ತಲೇ ಇದ್ದರು. ಕುಳ್ಳರು ಲೀಗ್ಸ್ ಆಫ್ ವೋಟನ್ ಎಂಬ ಹೊಸ ಹೆಸರಿನಲ್ಲಿ ಮರಳುತ್ತಾರೆಂಬ ಸೂಚನೆ 2022ರ ಏಪ್ರಿಲ್ ಒಂದರಂದು ಬಂದಾಗ ಅನೇಕರು ಅದನ್ನು ಮೂರ್ಖರ ದಿನದ ತಮಾಷೆಯೆಂದೇ ತಿಳಿದರು. ಸುದ್ದಿ ನಿಜವಾಗಿತ್ತು.

ಈ ಹಂಬಲ ಸಾಹಿತ್ಯಕ್ಕೆ ಅಪರಿಚಿತವಲ್ಲ. ಕಾವ್ಯದಲ್ಲಿ ಉಪೇಕ್ಷೆಗೊಳಗಾದ ಊರ್ಮಿಳೆಯ ಪರವಾಗಿ ರವೀಂದ್ರನಾಥ ಠಾಕೂರರು ಲೇಖನ ಬರೆದರು. ಕುವೆಂಪು ಅವರು ತಮ್ಮ ಮಹಾಕಾವ್ಯದಲ್ಲಿ ಅವಳ ತಪಸ್ಸಿಗೆ ಎಡೆ ಮಾಡಿಕೊಟ್ಟರು. ದೊಡ್ಡವರ ಕಥೆಯನ್ನು ಬಹಳ ಸಲ ಕೇಳಿದವನ ಕಣ್ಣು ತಾನಾಗಿಯೇ ಮೂಲೆಯಲ್ಲಿ ನಿಂತವರ ಕಡೆ ಹೊರಳುತ್ತದೆ. ಈ ಆಟದ ಅಭಿಮಾನಿಗಳು ಸಾಮಾನ್ಯ ಪ್ರಜೆಗಳ ಬದುಕನ್ನು ಕೇಳುವುದೂ ಇದೇ ಕಾರಣಕ್ಕೆ. ಆ ಸಾಮ್ರಾಜ್ಯದಲ್ಲಿ ಕೂಲಿಯವನು ಏನು ತಿನ್ನುತ್ತಾನೆ, ಬೀದಿಯಲ್ಲಿ ಕಳ್ಳತನವಾದರೆ ಯಾರು ಬರುತ್ತಾರೆ? 2001ರಿಂದ ಡ್ಯಾನ್ ಆಬ್ನೆಟ್ ಬರೆದ ಐಸೆನ್‌ಹಾರ್ನ್ ಕಾದಂಬರಿಗಳು ರಣರಂಗವನ್ನು ಬಿಟ್ಟು ಓಣಿಗಳಿಗೆ ಇಳಿದದ್ದರಿಂದಲೇ ಅಷ್ಟು ಪ್ರಿಯವಾದವು. 2020ರಲ್ಲಿ ಈ ಲೋಕದ ಅಪರಾಧ ಕಥೆಗಳಿಗೆಂದೇ ಒಂದು ಮಾಲೆ ಆರಂಭವಾಯಿತು.

ಈ ಬೇಡಿಕೆಗಳು ನ್ಯಾಯವಾದವೆಂದೇ ನನ್ನ ಎಣಿಕೆ. ಎಲ್ಲವನ್ನೂ ಬಿಡಿಸಿ ಹೇಳಿಬಿಡಿ ಎಂಬ ಇನ್ನೊಂದು ಬೇಡಿಕೆಯ ಬಗೆಗೆ ನನಗೆ ಅಷ್ಟು ಧೈರ್ಯವಿಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಈ ಲೋಕದ ಭಾರತಯುದ್ಧವೆನ್ನಬಹುದಾದದ್ದು ಹೋರಸ್ ಎಂಬ ಮಗ ತಂದೆಯಾದ ಚಕ್ರವರ್ತಿಯ ಮೇಲೆ ಎದ್ದ ದಂಗೆ. 1988ರ ‘ಅಡೆಪ್ಟಸ್ ಟೈಟಾನಿಕಸ್’ ಎಂಬ ಆಟದ ಪೆಟ್ಟಿಗೆಯಲ್ಲಿ ಎರಡು ಪಕ್ಷಕ್ಕೂ ಒಂದೇ ಅಚ್ಚಿನ ದೈತ್ಯಯಂತ್ರಗಳಿದ್ದವು. ಒಂದೇ ಬಗೆಯ ಯಂತ್ರಗಳು ಪರಸ್ಪರ ಕಾದಾಡುವುದೇಕೆ? ಅಣ್ಣತಮ್ಮಂದಿರ ಅಂತರ್ಯುದ್ಧವೆಂದರೆ ಸರಿಹೋಗುತ್ತದೆ! ಹೀಗೆ ಅಚ್ಚಿನ ಖರ್ಚಿನಿಂದ ಒಂದು ಮಹಾಕಥೆ ಹುಟ್ಟಿತು. ಬಹುಕಾಲ ಅದು ಕೆಲವು ಪುಟಗಳ ಐತಿಹ್ಯವಾಗಿಯೇ ಉಳಿದಿತ್ತು. ಅಭಿಮಾನಿಗಳು ಇನ್ನಷ್ಟು ಬೇಕೆಂದರು. 2006ರಿಂದ ಕಾದಂಬರಿಗಳು ಬರತೊಡಗಿ, ಐವತ್ತನ್ನು ಮೀರಿ, 2024ರಲ್ಲಿ ಮುಗಿದವು. ಅವುಗಳಲ್ಲಿ ಒಳ್ಳೆಯವು ಇವೆ. ಆದರೂ ಮಬ್ಬಿನಲ್ಲಿ ನಿಂತಿದ್ದ ದೇವತೆಗಳು ಹಗಲು ಬೆಳಕಿಗೆ ಬಂದು, ಅಧ್ಯಾಯಗಟ್ಟಲೆ ಮಾತನಾಡತೊಡಗಿದಾಗ ಅವರ ಎತ್ತರ ತುಸು ತಗ್ಗಿತೆಂದು ಹಳಬರು ಹೇಳುವುದರಲ್ಲಿ ಸತ್ಯವಿದೆ. ಕಥೆ ಮುಂದುವರಿಯಲಿ ಎಂಬ ಬೇಡಿಕೆಗೂ ಇದೇ ಗತಿಯಾಯಿತು. ಪ್ರಳಯದ ಹೊಸ್ತಿಲಲ್ಲಿ ಬಹುಕಾಲ ನಿಂತಿದ್ದ ಕಾಲವನ್ನು 2017ರಲ್ಲಿ ನಡೆಸಿದರು. ಸಾವಿರಾರು ವರ್ಷಗಳಿಂದ ಅಚೇತನನಾಗಿದ್ದ ಗಿಲಿಮನ್ ಎಂಬ ರಾಜಪುತ್ರ ಎಚ್ಚೆತ್ತನು. ಕೇಳಿದವರಲ್ಲಿಯೇ ಕೆಲವರು, ಕೇಳಬಾರದಿತ್ತೇನೋ ಎಂದರು.

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಯವರಿಗೆ ಇದು ಬೇಗ ಅರ್ಥವಾದೀತು. ವರ್ಷಕ್ಕೊಂದು ಹೊಸ ಬೊಂಬೆ ಬೇಕು, ಸರಿ. ಆದರೆ ಎಲ್ಲಿ ಯಾವುದನ್ನು ಇಡಬೇಕೆಂದು ಅಂಗಡಿಯವನೇ ಹೇಳಿಬಿಟ್ಟರೆ ಹಬ್ಬ ಯಾರದು? ಆರಂಭದ ದಿನಗಳಲ್ಲಿ ಈ ಆಟದವರ ಪತ್ರಿಕೆಯೇ ಡಿಯೋಡರೆಂಟಿನ ಖಾಲಿ ಡಬ್ಬಿಯಿಂದ ಯುದ್ಧರಥ ಮಾಡುವ ಕ್ರಮವನ್ನು ಕಲಿಸುತ್ತಿತ್ತು. ಹಳೆಯ ಆಟಗಾರರು ಇಂದಿಗೂ ಆ ಪುಟವನ್ನು ಅಕ್ಕರೆಯಿಂದ ನೆನೆಯುತ್ತಾರೆ.

ಚಕ್ರವರ್ತಿ ಕಟ್ಟಿದ ಸೇನೆಗಳು ಇಪ್ಪತ್ತು. ಒಂಬತ್ತು ನಿಷ್ಠೆಯಿಂದ ಉಳಿದವು, ಒಂಬತ್ತು ದಂಗೆ ಎದ್ದವು. ಎರಡನೆಯದರ ಮತ್ತು ಹನ್ನೊಂದನೆಯದರ ಹೆಸರನ್ನು ದಾಖಲೆಗಳಿಂದಲೇ ಅಳಿಸಲಾಗಿದೆ. ಅವು ಯಾವುವು, ಏನು ತಪ್ಪು ಮಾಡಿದವು ಎಂದು ಅಭಿಮಾನಿಗಳು ದಶಕಗಳಿಂದ ಕೇಳುತ್ತಿದ್ದಾರೆ. ಐವತ್ತು ಚಿಲ್ಲರೆ ಕಾದಂಬರಿಗಳಲ್ಲಿಯೂ ಅದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಕೆಲವರು ಆ ಅಳಿಸಿಹೋದ ಸೇನೆಗಳಿಗೆ ತಾವೇ ಹೆಸರಿಟ್ಟು, ತಮಗೆ ಒಪ್ಪಿದ ಬಣ್ಣ ಬಳಿದು, ಮೇಜಿನ ಮೇಲೆ ಇಳಿಸಿದ್ದಾರೆ.