ಹೆಸರಿನ ನಡುವೆ ಕೂತ ತವರುಮನೆ

ಒಂದು ಹೆಸರು ಹೇಳ್ತೀನಿ, ನಡುವಿನ ಪದದ ಮೇಲೆ ಗಮನ ಇಡಿ. ವಿಲಿಯಂ ಮಾರ್ಟಿನ್ ಮರ್ಫಿ.

ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರೋ ಮನೆತನದ ಹೆಸರು ಮರ್ಫಿ. ಎಲ್ಲಿ ಹೋದ್ರೂ ಮರ್ಫಿಗಳೇ. ಆದ್ರೆ ಈ ಮಾರ್ಟಿನ್ ಇದೆಯಲ್ಲ, ಅದು ಆತನ ತಾಯಿ ಮೇರಿ ಆನ್ ಅವರ ತವರಿನ ಹೆಸರು. ಈ ಮರ್ಫಿಯ ಮುಂದಾಳತ್ವದಲ್ಲಿ ಮಾಲೀಕರು ಕಾರ್ಮಿಕರನ್ನ ಕೆಲಸದಿಂದ ಹೊರಗಿಟ್ಟ 1913ರ ಡಬ್ಲಿನ್ ಲಾಕೌಟ್ ಬಗ್ಗೆ ಓದ್ತಾ ಕೂತಿದ್ದ ನನಗೆ ಈ ಒಂದು ಪದ ಸಿಕ್ಕಿದ ಮೇಲೆ ಮುಷ್ಕರ ಪಕ್ಕಕ್ಕೆ ಸರೀತು, ಮನೆತನ ಮುಂದೆ ಬಂತು. ಲಾಕೌಟ್‌ನ ದಿನದಿನದ ವಿವರ ನೀವು ಹುಡುಕಿದ್ರೆ ಸಿಗುತ್ತೆ. ನಾನು ನೆಂಟರ ಬಗ್ಗೆ ಮಾತಾಡ್ತೀನಿ.

ಮರ್ಫಿ ಬಗ್ಗೆ ಎಲ್ಲರೂ ಹೇಳೋ ಮಾತು ಒಂದಿದೆ: ಸ್ವಂತ ದುಡಿಮೆಯಿಂದ ಮೇಲೆ ಬಂದ ಮನುಷ್ಯ. ಆತನನ್ನ ಇಷ್ಟಪಡೋರೂ ಹೇಳ್ತಾರೆ, ದ್ವೇಷಿಸೋರೂ ಹೇಳ್ತಾರೆ. ನನ್ನ ತಕರಾರು ಇರೋದೇ ಇಲ್ಲಿ. ದುಡಿದಿದ್ದು ನಿಜ, ಜಾಣ ಅನ್ನೋದೂ ನಿಜ. ಆದ್ರೆ ಏಣಿಯ ಒಂದೊಂದು ಮೆಟ್ಟಿಲನ್ನೂ ಯಾರೋ ಮನೆಯವರೇ ಹಿಡ್ಕೊಂಡಿದ್ರು.

ಮೊದಲನೇದು ಅಪ್ಪ. ಡೆನಿಸ್ ವಿಲಿಯಂ ಮರ್ಫಿ, ಕಟ್ಟಡದ ಕಂಟ್ರಾಕ್ಟರ್. ಊರು ಪಶ್ಚಿಮ ಕಾರ್ಕ್, ಕ್ಯಾಸಲ್‌ಟೌನ್‌ಬೇರ್ ಕಡೆ. ಹುಡುಗ ಬೆಳೆದದ್ದು ಬ್ಯಾಂಟ್ರಿಯಲ್ಲಿ. ಆಲೂಗಡ್ಡೆ ಕೊಳೆತು ಮಹಾಕ್ಷಾಮ ಬಂದಾಗ ಹೆಚ್ಚು ನರಳಿದ ಸೀಮೆಗಳಲ್ಲಿ ಅದೂ ಒಂದು. ಮರ್ಫಿ ಹುಟ್ಟಿದ್ದು ಸರಿಸುಮಾರು ಅದೇ ಹೊತ್ತಿಗೆ. ಸುತ್ತಲಿನ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗ್ತಿದ್ದ ಕಾಲದಲ್ಲಿ ಈ ಅಪ್ಪ ತನ್ನ ಒಬ್ಬನೇ ಮಗನನ್ನ ಡಬ್ಲಿನ್ನಿನ ಬೆಲ್ವೆಡೀರ್ ಕಾಲೇಜಿಗೆ ಕಳಿಸ್ದ. ಜೆಸ್ಯೂಟರ ಶಾಲೆ ಅದು. ಆಮೇಲೆ ಜೇಮ್ಸ್ ಜಾಯ್ಸ್ ಕೂಡ ಓದಿದ್ದು ಅಲ್ಲೇ. 1863ರಲ್ಲಿ ಅಪ್ಪ ತೀರ್ಕೊಂಡಾಗ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆದ್ರೂ ನಡೀತಿದ್ದ ಕಂಟ್ರಾಕ್ಟ್ ವ್ಯವಹಾರ ಅವನ ಕೈಗೆ ಬಂತು. ಅದನ್ನ ಬರಿಗೈ ಅನ್ನೋಕಾಗುತ್ತಾ?

ಎರಡನೇದು ಹೆಣ್ಣು ಕೊಟ್ಟ ಮಾವ. 1870ರಲ್ಲಿ ಮರ್ಫಿ ಮದುವೆಯಾಗಿದ್ದು ಮೇರಿ ಜೂಲಿಯಾ ಲೊಂಬಾರ್ಡ್ ಅವರನ್ನ. ಅವರ ತಂದೆ ಜೇಮ್ಸ್ ಫಿಟ್ಜ್‌ಜೆರಾಲ್ಡ್ ಲೊಂಬಾರ್ಡ್ ಡಬ್ಲಿನ್ನಿನ ದೊಡ್ಡ ವ್ಯಾಪಾರಿ, ಕುದುರೆ ಟ್ರಾಮ್ ವ್ಯವಹಾರದಲ್ಲಿ ಇದ್ದವರು. ಕೆಲವೇ ವರ್ಷದಲ್ಲಿ ಅಳಿಯ ಡಬ್ಲಿನ್‌ಗೆ ಬಂದ. ಬೇರೆಬೇರೆ ಟ್ರಾಮ್ ಕಂಪನಿಗಳು ಒಂದಾಗಿ ಡಬ್ಲಿನ್ ಯುನೈಟೆಡ್ ಟ್ರಾಮ್‌ವೇಸ್ ಆಯ್ತು, ಮುಂದೆ ಅದರ ಅಧ್ಯಕ್ಷ ಮರ್ಫಿ. ಕುದುರೆ ಹೋಗಿ ಕರೆಂಟಿನ ಟ್ರಾಮ್ ಬಂದದ್ದು ಆತನ ಕಾಲದಲ್ಲಿ. ಆ ಕೆಲಸದ ಹೆಗ್ಗಳಿಕೆ ಆತನಿಗೇ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬಾಗಿಲು ತೆಗೆದದ್ದು ಬೀಗರ ಮನೆ.

ಮೂರನೇದು ರಾಜಕೀಯ. ಬ್ಯಾಂಟ್ರಿಯಿಂದ ಬಂದ ಒಂದು ಗುಂಪಿತ್ತು, ಬ್ಯಾಂಟ್ರಿ ಬ್ಯಾಂಡ್ ಅಂತಾನೇ ಹೆಸರು. ಎ.ಎಂ. ಸುಲ್ಲಿವನ್, ಅವರ ಅಣ್ಣ ಟಿ.ಡಿ. ಸುಲ್ಲಿವನ್, ಇವರ ಕೈಲಿ ದಿ ನೇಷನ್ ಪತ್ರಿಕೆ. ಟಿ.ಡಿ.ಯ ಅಳಿಯ ಟಿಮ್ ಹೀಲಿ, ಬಾಯಿ ತೆಗೆದ್ರೆ ಬೆಂಕಿ ಉಗುಳೋ ವಕೀಲ. ಟಿಮ್‌ನ ಸೋದರ ಮಾರಿಸ್ ಮದುವೆಯಾಗಿದ್ದೂ ಸುಲ್ಲಿವನ್ ಮನೆ ಹುಡುಗಿಯನ್ನೇ. ಶಾಲೆ ಹುಡುಗನಾಗಿದ್ದಾಗಲೇ ಮರ್ಫಿಗೆ ನೇಷನ್ ಕಚೇರಿಯ ಒಡನಾಟ. 1885ರಲ್ಲಿ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ಸ್ ಕ್ಷೇತ್ರದಿಂದ ನ್ಯಾಷನಲಿಸ್ಟ್ ಎಂಪಿ ಆದ. ನಾಯಕ ಪಾರ್ನೆಲ್ ವಿಷಯದಲ್ಲಿ ಪಕ್ಷ ಒಡೆದಾಗ ಹೀಲಿ ಜೊತೆ ಪಾರ್ನೆಲ್ ವಿರುದ್ಧ ನಿಂತ, 1892ರಲ್ಲಿ ಸೋತ.

ಇಲ್ಲೊಂದು ಸ್ಪಷ್ಟ ಮಾಡ್ಬೇಕು. ನಾನು ಹೇಳಿದ ರೀತಿ ನೋಡಿ ಮರ್ಫಿ, ಸುಲ್ಲಿವನ್ನರು, ಹೀಲಿ ಎಲ್ಲ ಒಂದೇ ಮನೆತನ ಅಂದ್ಕೋಬೇಡಿ. ಸುಲ್ಲಿವನ್-ಹೀಲಿ ನಡುವೆ ಇದ್ದದ್ದು ನೆಂಟಸ್ತಿಕೆ. ಮರ್ಫಿ ಆ ಬಳಗಕ್ಕೆ ಸೇರಿದ್ದು ಒಂದೇ ಊರಿನೋನು ಅಂತ.

ಈಗ ನನಗೆ ತುಂಬ ಇಷ್ಟವಾದ ಪ್ರಸಂಗ. 1913, ಆಗಸ್ಟ್. ಜಿಮ್ ಲಾರ್ಕಿನ್ ಕಾರ್ಮಿಕ ನಾಯಕ, ಲಿವರ್‌ಪೂಲ್‌ನಲ್ಲಿ ಹುಟ್ಟಿದ ಐರಿಷ್ ಮಗ. 26ರ ಬೆಳಿಗ್ಗೆ ಮರ್ಫಿಯ ಟ್ರಾಮ್ ನೌಕರರು ಎದೆಗೆ ಲಾರ್ಕಿನ್ ಯೂನಿಯನ್ನಿನ ಕೆಂಪು ಕೈ ಗುರುತಿನ ಬ್ಯಾಡ್ಜ್ ಸಿಕ್ಕಿಸ್ಕೊಂಡು ಟ್ರಾಮುಗಳನ್ನ ನಡುರಸ್ತೆಯಲ್ಲೇ ಬಿಟ್ಟು ಇಳಿದ್ರು. ಭಾನುವಾರ ಸ್ಯಾಕ್‌ವಿಲ್ ಸ್ಟ್ರೀಟ್‌ನಲ್ಲಿ ಸಭೆ ಅಂತ ಘೋಷಣೆ. ಸರ್ಕಾರ ಸಭೆ ನಿಷೇಧಿಸ್ತು, ಲಾರ್ಕಿನ್ ಮೇಲೆ ವಾರಂಟ್ ಹೊರಡಿಸ್ತು. ಸತ್ತರೂ ಬದುಕಿದ್ರೂ ಅಲ್ಲಿ ಮಾತಾಡ್ತೀನಿ ಅನ್ನೋ ಹಠ ಲಾರ್ಕಿನ್‌ದು.

31ನೇ ತಾರೀಖು, ಆ ಭಾನುವಾರ, ಅದೇ ಬೀದಿಯ ಇಂಪೀರಿಯಲ್ ಹೋಟೆಲ್ ಮುಂದೆ ಬೆನ್ನು ಬಾಗಿದ, ಗಡ್ಡದ ಮುದಿ ಪಾದ್ರಿಯೊಬ್ಬ ಬಂದಿಳಿದ. ಮೈಮೇಲಿದ್ದ ಕೋಟು ಕೌಂಟ್ ಮಾರ್ಕಿವಿಕ್ಜ್ ಅನ್ನೋರಿಂದ ಎರವಲು ತಂದದ್ದು. ಜೊತೆಗೆ ಒಬ್ಬ ಯುವತಿ, ಪಾದ್ರಿಯ ತಮ್ಮನ ಮಗಳ ಹಾಗೆ. ಹೋಟೆಲಿನವರ ಹತ್ರ ಮಾತೆಲ್ಲ ಆಕೆಯದೇ, ಯಾಕಂದ್ರೆ ಪಾದ್ರಿ ಬಾಯಿ ಬಿಟ್ರೆ ಲಿವರ್‌ಪೂಲ್ ಧಾಟಿ ಕೇಳಿ ಗುಟ್ಟು ರಟ್ಟಾಗ್ತಿತ್ತು. ಆಕೆ ನೆಲ್ಲಿ ಗಿಫರ್ಡ್. ಪಾದ್ರಿ ಮಹಡಿ ಹತ್ತಿ ಬಾಲ್ಕನಿಗೆ ಬಂದು ನೆಟ್ಟಗೆ ನಿಂತು ನಾಲ್ಕು ಮಾತಾಡಿದ. ಲಾರ್ಕಿನ್! ಪೊಲೀಸರು ಆತನನ್ನ ಹಿಡಿದ್ರು, ಬೀದಿಯಲ್ಲಿದ್ದ ಜನರ ಮೇಲೆ ಲಾಠಿ ಬೀಸಿದ್ರು, ನೂರಾರು ಜನ ಗಾಯಗೊಂಡ್ರು.

ಆ ಹೋಟೆಲ್ ಮರ್ಫಿಯದು. ಟ್ರಾಮ್, ಪೇಪರ್, ಹೋಟೆಲ್, ಅದರ ಕೆಳಗಿನ ಕ್ಲೆರೀಸ್ ಅಂಗಡಿ, ಎಲ್ಲದರ ಮೇಲೂ ಆತನ ಹಿಡಿತ. ಆ ಮನೆಯ ಬಾಲ್ಕನಿಗೆ ಶತ್ರು ಬಂದದ್ದು ಒಂದು ಸುಳ್ಳು ನೆಂಟಸ್ತಿಕೆ ಕಟ್ಕೊಂಡು. ನೆಲ್ಲಿಯ ಮನೆಯ ಕಥೆಯೂ ಹೇಳ್ಬಿಡ್ತೀನಿ, ಬಿಡೋಕೆ ಮನಸ್ಸಿಲ್ಲ. ಆಕೆಯ ಸೋದರಿ ಮ್ಯೂರಿಯಲ್ ಗಂಡ ಥಾಮಸ್ ಮ್ಯಾಕ್‌ಡೊನಾ, ಬ್ರಿಟಿಷ್ ಆಳ್ವಿಕೆ ವಿರುದ್ಧ 1916ರಲ್ಲಿ ಎದ್ದ ದಂಗೆಯ ನಾಯಕರಲ್ಲೊಬ್ಬ. ಇನ್ನೊಬ್ಬ ಸೋದರಿ ಗ್ರೇಸ್ 1916ರ ಮೇ ತಿಂಗಳಲ್ಲಿ ಕಿಲ್‌ಮೇನ್‌ಹ್ಯಾಮ್ ಜೈಲಿನೊಳಗೆ, ಅದೇ ದಂಗೆಗಾಗಿ ಸೆರೆಯಲ್ಲಿದ್ದ ಜೋಸೆಫ್ ಪ್ಲಂಕೆಟ್‌ನನ್ನ ಮದುವೆಯಾದಳು, ಕೆಲವೇ ಗಂಟೆಗಳಲ್ಲಿ ಅವನಿಗೆ ಗುಂಡಿಕ್ಕಿದ್ರು. ಹಿಂದಿನ ದಿನ ಮ್ಯಾಕ್‌ಡೊನಾನನ್ನ ಕೊಂದಿದ್ರು.

ಸರಿ, ಮರ್ಫಿ. ಲಾರ್ಕಿನ್ ಯೂನಿಯನ್ ಬಿಡ್ತೀವಿ ಅಂತ ಸಹಿ ಹಾಕಿ, ಇಲ್ಲ ಕೆಲಸ ಬಿಡಿ ಅಂದ. ಸುಮಾರು 400 ಮಾಲೀಕರು ಆತನ ಬೆನ್ನಿಗೆ ನಿಂತ್ರು, ಸುಮಾರು 20,000 ಕಾರ್ಮಿಕರು ಬೀದಿಗೆ ಬಿದ್ರು. ಈ ಜಗಳದ ಬಗ್ಗೆ ನಡೆದ ವಿಚಾರಣೆಯಲ್ಲಿ ಮಾಲೀಕರ ಪರ ವಾದಿಸಿದ ವಕೀಲ ಯಾರು ಗೊತ್ತಾ? ಟಿಮ್ ಹೀಲಿ. ಅದೇ ಬ್ಯಾಂಟ್ರಿ ಹುಡುಗ. ನನಗೆ ಸಿಟ್ಟು ಬರೋದು ಇಲ್ಲೇ. ಅಪ್ಪ, ಮಾವ, ಊರಿನ ಬಳಗ, ಕಷ್ಟಕ್ಕೆ ಊರಿನ ವಕೀಲ. ಜೀವನದಲ್ಲಿ ಒಂದು ದಿನವೂ ಒಂಟಿಯಾಗಿ ನಿಲ್ಲದ ಮನುಷ್ಯ, ಒಂದೇ ಕೋಣೆಯಲ್ಲಿ ಸಂಸಾರ ಮಾಡ್ತಿದ್ದ ಕೂಲಿಕಾರನಿಗೆ ಹೇಳಿದ್ದು: ನೀನು ಮಾತ್ರ ಒಂಟಿಯಾಗಿ ಬಂದು ನನ್ನ ಹತ್ರ ಚೌಕಾಸಿ ಮಾಡು.

ಹಾಗಂತ ಆತ ಬ್ರಿಟಿಷರ ಬಾಲಬಡುಕ ಅಂತ ಎದುರು ಪಕ್ಷದವರು ಹೇಳೋದನ್ನೂ ನಾನು ಒಪ್ಪಲ್ಲ. 1907ರಲ್ಲಿ ಏಳನೇ ಎಡ್ವರ್ಡ್ ದೊರೆ 'ಸರ್' ಪದವಿ ಕೊಡೋಕೆ ತಯಾರಾದಾಗ ಬೇಡ ಅಂದ. ದೇಶ ಒಡೆಯೋದನ್ನ ವಿರೋಧಿಸಿದ, ಡೊಮಿನಿಯನ್ ಸ್ವಾಯತ್ತತೆ ಕೇಳಿದ. ಅದೇ ಹೊತ್ತಲ್ಲಿ, 1916ರ ದಂಗೆಯ ಮೇಲೆ ಆತನ ಐರಿಷ್ ಇಂಡಿಪೆಂಡೆಂಟ್ ಪತ್ರಿಕೆ ಮುಖ್ಯ ನಾಯಕರಿಗೆ ಕರುಣೆ ಬೇಡ ಅಂತ ಬರೀತು. ದಂಗೆಯ ನಾಯಕರಲ್ಲೊಬ್ಬನಾದ ಕಾರ್ಮಿಕ ಮುಖಂಡ ಜೇಮ್ಸ್ ಕಾನೊಲಿ ಆಗ ಇನ್ನೂ ಬದುಕಿದ್ದ. ಮೇ 12ಕ್ಕೆ ಕೊಂದ್ರು. ಆ ದಂಗೆಯಲ್ಲಿ ಇಂಪೀರಿಯಲ್ ಹೋಟೆಲ್ ಮೇಲೆ ಹಾರಿದ್ದು ಕಾನೊಲಿಯ ಕಾರ್ಮಿಕ ಸೈನ್ಯದ ನೇಗಿಲು-ನಕ್ಷತ್ರದ ಬಾವುಟ. ಹೋಟೆಲ್ ಸುಟ್ಟು ಬೂದಿಯಾಯ್ತು.

ಉಳಿದದ್ದು ಬೇಗ ಹೇಳ್ತೀನಿ. ಮರ್ಫಿ ತೀರಿಕೊಂಡದ್ದು 1919ರ ಜೂನ್‌ನಲ್ಲಿ. ಟಿಮ್ ಹೀಲಿ 1922ರಲ್ಲಿ ಐರಿಷ್ ಫ್ರೀ ಸ್ಟೇಟಿನ ಮೊದಲ ಗವರ್ನರ್ ಜನರಲ್ ಆದ. ಪತ್ರಿಕೆ ಮರ್ಫಿಯ ಮಗನ ಕೈಗೆ ಬಂತು, 1943ರಲ್ಲಿ ಸಾಯೋವರೆಗೂ ಆತನೇ ಅಧ್ಯಕ್ಷ. ಆಮೇಲೆ ಮೊಮ್ಮಗ. 1973ರಲ್ಲಿ ಟೋನಿ ಓ'ರೈಲಿ ಕೊಂಡುಕೊಂಡ ಮೇಲೆ ಅದು ಮನೆತನದ ಕೈ ಬಿಟ್ಟಿತು.

ಆ ಮಗ ವೃತ್ತಿಯಲ್ಲಿ ಡಾಕ್ಟರ್. ಹೆಸರು ವಿಲಿಯಂ ಲೊಂಬಾರ್ಡ್ ಮರ್ಫಿ.