ಐದಡಿ ದಾರಿಯ ಊರು

(ಉಪನ್ಯಾಸದ ಬರಹ ರೂಪ)



ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿನ ಎತ್ತರದ ಕಟ್ಟಡ, ಉದ್ದದ ಸೇತುವೆಗಳನ್ನು ವರ್ಣಿಸುವುದು ವಾಡಿಕೆ. ನಾನು ಈ ಹೊತ್ತು ಬರೀ ಐದು ಅಡಿ ಅಗಲದ ಒಂದು ದಾರಿಯ ವಿಷಯ ಹೇಳುತ್ತೇನೆ. ಆ ದಾರಿ ಇರುವುದು ಮಲೇಷ್ಯಕ್ಕೆ ಸೇರಿದ ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ಎಂಬ ಹಳೆಯ ಬಂದರು ಪಟ್ಟಣದಲ್ಲಿ.

ಭೂಮಧ್ಯರೇಖೆಗೆ ಐದಾರು ಡಿಗ್ರಿಯಷ್ಟೇ ದೂರದ ಊರು ಅದು. ವರ್ಷವಿಡೀ ಸೆಕೆ. ಬಿಸಿಲು ಸುಡುತ್ತಿರುವಾಗಲೇ ಮೋಡ ಕವಿದು ಧೋ ಎಂದು ಮಳೆ ಸುರಿಯುತ್ತದೆ. ಇಂಥ ಊರಿನಲ್ಲಿ ನಡೆದು ಹೋಗುವವನಿಗೆ ನೆರಳೂ ಬೇಕು, ಸೂರೂ ಬೇಕು. ಎರಡನ್ನೂ ಕೊಡುವುದು ಈ ಐದಡಿ ದಾರಿ. ಅಲ್ಲಿನ ಹಳೆಯ ಮನೆಗಳು ಗೋಡೆಗೆ ಗೋಡೆ ತಾಗಿದ ಸಾಲುಮನೆಗಳು. ಕೆಳಗೆ ಅಂಗಡಿ, ಮೇಲೆ ವಾಸ. ಮಹಡಿಯ ಮುಂಭಾಗ ಬೀದಿಯ ಕಡೆಗೆ ಚಾಚಿಕೊಂಡು ಕಂಬಗಳ ಮೇಲೆ ನಿಂತಿರುತ್ತದೆ. ಅದರಡಿಯಲ್ಲಿ, ಬಾಗಿಲಿಗೂ ಬೀದಿಗೂ ನಡುವೆ ಉಳಿಯುವ ಜಾಗವೇ ಈ ದಾರಿ. ಮಲಯ ಭಾಷೆಯಲ್ಲಿ ಇದು 'ಕಾಕಿ ಲಿಮಾ'. ಕಾಕಿ ಎಂದರೆ ಅಡಿ, ಲಿಮಾ ಎಂದರೆ ಐದು. 1822ರಲ್ಲಿ ಸಿಂಗಪುರದ ನಗರಯೋಜನೆ ಮಾಡಿಸಿದ ಸ್ಟ್ಯಾಂಫರ್ಡ್ ರಾಫಲ್ಸ್, ಪ್ರತಿ ಮನೆಯ ಮುಂದೆಯೂ ಇಂಥ ಸೂರಿನ ದಾರಿ ಇರತಕ್ಕದ್ದೆಂದು ಅಪ್ಪಣೆ ಮಾಡಿದ. ಆ ಪದ್ಧತಿ ಮುಂದೆ ಮಲಯದ ಪಟ್ಟಣಗಳಿಗೂ ಹಬ್ಬಿತು.

ನಮ್ಮ ಹಳೆಯ ಮನೆಗಳ ಜಗಲಿಯನ್ನು ನೆನಪಿಸಿಕೊಳ್ಳಿ. ಜಗಲಿ ಮನೆಯವರದೂ ಹೌದು, ದಾರಿಹೋಕನದೂ ಹೌದು. ನೂರು ಮನೆಗಳ ಜಗಲಿಗಳನ್ನು ಒಂದಕ್ಕೊಂದು ಸೇರಿಸಿದರೆ ಏನಾದೀತೋ ಅದೇ ಕಾಕಿ ಲಿಮಾ. ಮೇಲಿನ ಸೂರು ಮನೆಯವರದು, ಕೆಳಗೆ ನಡೆಯುವ ಹಕ್ಕು ಊರಿನದು. ನಡೆಯುವುದೇನು ಸಲೀಸಲ್ಲ. ಒಂದು ಕಡೆ ಬೆತ್ತದ ಕುರ್ಚಿ ಹಾಕಿಕೊಂಡು ಮುದುಕರು ಪತ್ರಿಕೆ ಓದುತ್ತಿರುತ್ತಾರೆ. ಇನ್ನೊಂದು ಕಡೆ ಸೈಕಲ್ಲು, ತೊಳೆದ ಬಟ್ಟೆ, ಹೂವಿನ ಕುಂಡ. ಚೀನೀಯರ ಮನೆಯ ಮುಂದೆ ಕೆಂಪು ಬಣ್ಣದ ಪುಟ್ಟ ದೇವರ ಗೂಡು, ಅದರೊಳಗೆ ಉರಿಯುವ ಊದಿನಕಡ್ಡಿ. ಅವರ ದಿನನಿತ್ಯದ ಬದುಕನ್ನೇ ಹಾಯ್ದು ನೀವು ಮುಂದೆ ಹೋಗಬೇಕು.

ಈ ಊರನ್ನು 1786ರಲ್ಲಿ ಸ್ಥಾಪಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಬಂದ ಫ್ರಾನ್ಸಿಸ್ ಲೈಟ್. ಸುಂಕವಿಲ್ಲದ ಬಂದರೆಂದು ಸಾರಿದ್ದರಿಂದ ಚೀನೀಯರು, ತಮಿಳರು, ಸುಮಾತ್ರದವರು, ಅರಬರು, ಅರ್ಮೇನಿಯದವರು ಎಲ್ಲರೂ ಬಂದು ನೆಲೆಸಿದರು. ಅವರ ಗುರುತು ಒಂದೇ ರಸ್ತೆಯಲ್ಲಿ ಸಿಗುತ್ತದೆ. ಹಿಂದೆ ಪಿಟ್ ಸ್ಟ್ರೀಟ್ ಎನ್ನಿಸಿಕೊಂಡಿದ್ದ ಆ ರಸ್ತೆಯ ಹೆಸರು ಈಗ ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್. ಅದರ ಆಸುಪಾಸಿನಲ್ಲೇ 1818ರ ಸೇಂಟ್ ಜಾರ್ಜ್ ಚರ್ಚು, ಚೀನೀಯರ ಕರುಣಾದೇವಿ ಕ್ವಾನ್ ಯಿನ್ ಗುಡಿ, 1833ರ ಮಹಾಮಾರಿಯಮ್ಮನ ಗುಡಿ, ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿಸಿದ ಮಸೀದಿ. ನಾಲ್ಕನ್ನೂ ನೋಡಿ ಬರಲು ಒಂದು ಬೆಳಗು ಸಾಕು.

ಊಟದಲ್ಲಿಯೂ ಇದೇ ಚರಿತ್ರೆ. 'ನಾಸಿ ಕಂದರ್' ಎಂಬುದು ಅಲ್ಲಿನ ತಮಿಳು ಮುಸ್ಲಿಮರ ಖ್ಯಾತ ಊಟ. ಅನ್ನದ ಮೇಲೆ ಮೂರು ನಾಲ್ಕು ಬಗೆಯ ಸಾರುಗಳನ್ನು ಸುರಿದು ಕೊಡುತ್ತಾರೆ. ನಾಸಿ ಎಂದರೆ ಅನ್ನ, ಕಂದರ್ ಎಂದರೆ ಹೆಗಲ ಮೇಲಿನ ಅಡ್ಡೆ. ಅಡ್ಡೆಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ಕಟ್ಟಿಕೊಂಡು ಬೀದಿ ಬೀದಿ ಮಾರುತ್ತಿದ್ದ ಕಾಲದ ಹೆಸರು ಇಂದಿಗೂ ಉಳಿದಿದೆ. ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಮಾರುದ್ದ ಎತ್ತಿ ಸುರಿದು ನೊರೆ ಬರಿಸುವುದನ್ನು ಕಂಡಾಗ ನಮ್ಮೂರ ಹೋಟೆಲೇ ಕಣ್ಣಿಗೆ ಕಟ್ಟುತ್ತದೆ.

ಇಷ್ಟೆಲ್ಲ ನೋಡಿದ ಪ್ರವಾಸಿ, 'ಈ ಜನರಿಗೆ ಹಳೆಯದರ ಮೇಲೆ ಎಷ್ಟು ಪ್ರೀತಿ' ಎಂದು ಉದ್ಗರಿಸುತ್ತಾನೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಊರು ಉಳಿದಿದ್ದು ಕೇವಲ ಪ್ರೀತಿಯಿಂದಲ್ಲ. ಅದನ್ನು ಉಳಿಸಿದ್ದರಲ್ಲಿ ಒಂದು ಬಾಡಿಗೆ ಕಾನೂನಿನ ಪಾಲು ದೊಡ್ಡದು.

ಎರಡನೇ ಮಹಾಯುದ್ಧದ ನಂತರ ಮನೆಗಳ ಅಭಾವವಿದ್ದಾಗ ಬಾಡಿಗೆಗೆ ಕಡಿವಾಣ ಹಾಕಲಾಯಿತು. 1966ರ ಬಾಡಿಗೆ ನಿಯಂತ್ರಣ ಕಾಯಿದೆ 1948ರ ಜನವರಿ ಅಂತ್ಯದೊಳಗೆ ಕಟ್ಟಿದ ಕಟ್ಟಡಗಳಿಗೆ ಅನ್ವಯಿಸುತ್ತಿತ್ತು. ಬಾಡಿಗೆ ಏರಿಸುವಂತಿಲ್ಲ, ಸುಲಭವಾಗಿ ಬಿಡಿಸುವಂತೆಯೂ ಇಲ್ಲ. 1969ರಲ್ಲಿ ದ್ವೀಪ ತನ್ನ ಸುಂಕರಹಿತ ಬಂದರಿನ ಸ್ಥಾನವನ್ನು ಕಳೆದುಕೊಂಡು ವ್ಯಾಪಾರವೂ ಕುಗ್ಗಿತು. ಹೀಗಾಗಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಆತುರ ಹೆಚ್ಚಿನವರಿಗೆ ಇರಲಿಲ್ಲ. ಬೆತ್ತ ಹೆಣೆಯುವವರು, ಊದಿನಕಡ್ಡಿ ಹೊಸೆಯುವವರು, ನಾಮಫಲಕ ಕೆತ್ತುವವರು ತಮ್ಮ ಪಾಡಿಗೆ ತಾವಿದ್ದರು. ಮಾಲೀಕರ ಅಳಲೂ ಸುಳ್ಳಲ್ಲ. ಬರುವ ಬಾಡಿಗೆ ಹೆಂಚು ಹೊದಿಸಲೂ ಸಾಲದೆ ಎಷ್ಟೋ ಮನೆಗಳು ಸೋರಿ ಶಿಥಿಲವಾದವು.

1997ರಲ್ಲಿ ಈ ಕಾಯಿದೆಯನ್ನು ರದ್ದುಪಡಿಸುವ ಶಾಸನವಾಯಿತು. 2000ದ ಜನವರಿ 1ರಿಂದ ನಿಯಂತ್ರಣ ಪೂರ್ತಿ ಹೋಯಿತು. ಬಾಡಿಗೆ ಒಮ್ಮೆಲೇ ಜಿಗಿಯಿತು. ತಲೆಮಾರುಗಳಿಂದ ಇದ್ದ ಅನೇಕ ಸಂಸಾರಗಳು ಗಂಟುಮೂಟೆ ಕಟ್ಟಿ ಊರಾಚೆಯ ಬಹುಮಹಡಿ ಮನೆಗಳಿಗೆ ಹೋದವು. ಖಾಲಿಯಾದ ಕೆಲವು ಮನೆಗಳ ಕಿಟಕಿಗೆ ಇಟ್ಟಿಗೆ ಮುಚ್ಚಿ, ಒಳಗೆ ಧ್ವನಿಮುದ್ರಿತ ಚಿಲಿಪಿಲಿ ಹಾಕಿ, ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿಗಳನ್ನು ಕರೆಸಿದರು. ಎಂಜಲಿನಿಂದ ಅದು ಕಟ್ಟುವ ಗೂಡನ್ನು ಚೀನೀಯರು ಸೂಪು ಮಾಡಿ ಕುಡಿಯುತ್ತಾರೆ; ಬಲು ದುಬಾರಿ ಪದಾರ್ಥ. ಮನುಷ್ಯ ಕೊಡಲಾರದ ಬಾಡಿಗೆಯನ್ನು ಹಕ್ಕಿ ಕೊಟ್ಟಿತು.

2008ರಲ್ಲಿ ಯುನೆಸ್ಕೊ ಸಂಸ್ಥೆ ಜಾರ್ಜ್‌ಟೌನನ್ನು ಮಲಾಕ ಪಟ್ಟಣದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂರಕ್ಷಿತ ವಲಯದ ಹಕ್ಕಿಮನೆಗಳನ್ನು ತೆಗೆಸಲು ಸರ್ಕಾರ ಕ್ರಮ ಕೈಗೊಂಡಿತು. ಗೋಡೆಗಳಿಗೆ ಸುಣ್ಣ ಬಣ್ಣವಾಯಿತು. ಜೊತೆಗೆ ಪ್ರವಾಸಿಗಳು ಬಂದರು, ಕಾಫಿ ಅಂಗಡಿ, ವಸತಿಗೃಹಗಳು ಬಂದವು, ಬೆಲೆ ಮತ್ತೆ ಏರಿತು. 2012ರಲ್ಲಿ ಅರ್ಮೇನಿಯನ್ ಸ್ಟ್ರೀಟ್‌ನ ಗೋಡೆಯೊಂದರ ಮೇಲೆ ಲಿಥುವೇನಿಯದ ಕಲಾವಿದ ಅರ್ನೆಸ್ಟ್ ಜಕರೆವಿಚ್ ಸೈಕಲ್ ಮೇಲೆ ಕೂತ ಇಬ್ಬರು ಮಕ್ಕಳ ಚಿತ್ರ ಬರೆದರು. ಮಕ್ಕಳು ಬಣ್ಣದವರು, ಸೈಕಲ್ ಮಾತ್ರ ನಿಜವಾದದ್ದು, ಗೋಡೆಗೆ ಜೋಡಿಸಿದ್ದು. ಅದರ ಮುಂದೆ ಫೋಟೊಗಾಗಿ ಜನ ಸರದಿ ನಿಲ್ಲುತ್ತಾರೆ. ನಾನೂ ನಿಂತೆ. ನಿಂತಾಗ ಹೊಳೆದದ್ದು ಇಷ್ಟೇ: ಆ ಬೀದಿಯಲ್ಲಿ ನಿಜವಾಗಿ ಸೈಕಲ್ ಹೊಡೆಯುವ ಒಂದು ಮಗುವೂ ಅಷ್ಟು ಹೊತ್ತೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹಳತನ್ನು ಕಂಡು ಹಳಹಳಿಸುವುದು ತಪ್ಪಲ್ಲ. ಆದರೆ ನಾವು ಹಳಹಳಿಸುವುದು ಯಾವುದಕ್ಕೆ? ಹೆಂಚು, ಕಂಬಗಳಿಗೇ ಆದರೆ ಹಣವಿದ್ದವರು ಅವನ್ನು ಹೊಸದಾಗಿಯೇ ಕಟ್ಟಿಯಾರು. ನಾವು ಮೆಚ್ಚಿದ್ದು ಕಂಬದ ಬುಡದಲ್ಲಿ ಕುರ್ಚಿ ಹಾಕಿ ಕೂತ ಮುದುಕನನ್ನು, ಮುಂಜಾನೆ ಊದಿನಕಡ್ಡಿ ಹಚ್ಚುವ ಹೆಂಗಸನ್ನು. ಅವರು ಅಲ್ಲಿರಲು ಬಾಡಿಗೆ ಅವರ ಕೈಗೆಟುಕುವಂತಿರಬೇಕು, ಮಾಲೀಕನಿಗೂ ಮನೆ ರಿಪೇರಿಗೆ ಆಸರೆ ಸಿಗಬೇಕು. ಕಟ್ಟಡದ ಸಂರಕ್ಷಣೆಯ ಜೊತೆಗೇ ಈ ಲೆಕ್ಕವನ್ನೂ ಹಾಕದಿದ್ದರೆ ಉಳಿಯುವುದು ಊರಲ್ಲ, ಊರಿನ ಚಿತ್ರ.

ಹಳೆಯ ಪೇಟೆಬೀದಿಗಳು ನಮ್ಮಲ್ಲೂ ಇವೆ. ಅವನ್ನು ಉಳಿಸುವ ಮಾತು ಬಂದಾಗ, ಅಲ್ಲಿ ಈಗ ಯಾರಿದ್ದಾರೆ, ನಾಳೆಯೂ ಅವರು ಇರಬಲ್ಲರೇ ಎಂದು ಮೊದಲು ಕೇಳೋಣ.