ಮೊದಲೇ ಕಿವಿಗೆ ಬಿದ್ದ ಮಾತು



ಒಬ್ಬರನ್ನು ಕಾಣುವ ಮುನ್ನವೇ ಅವರ ವಿಷಯವಾಗಿ ಕಿವಿಗೆ ಬಿದ್ದ ಮಾತು ನಮ್ಮ ಕಣ್ಣನ್ನು ಆಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಕೆಲ್ಲಿಯವರು 1950ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡೋಣ. ಕಾಲೇಜು ತರಗತಿಯೊಂದಕ್ಕೆ ಅಪರಿಚಿತ ಅಧ್ಯಾಪಕರೊಬ್ಬರು ಬರುವವರಿದ್ದರು. ಅವರ ಪರಿಚಯಪತ್ರವನ್ನು ವಿದ್ಯಾರ್ಥಿಗಳಿಗೆ ಮೊದಲೇ ಹಂಚಲಾಯಿತು. ವಯಸ್ಸು, ಅನುಭವ ಎಲ್ಲವೂ ಒಂದೇ. ಕೆಲವು ಪ್ರತಿಗಳಲ್ಲಿ ಅವರು ಬಹಳ ಸ್ನೇಹಪರರೆಂದೂ ಉಳಿದವುಗಳಲ್ಲಿ ತುಸು ಬಿಗುವಿನವರೆಂದೂ ಇತ್ತು, ಅಷ್ಟೆ. ಎಲ್ಲರೂ ಕೇಳಿದ್ದು ಒಂದೇ ಪಾಠವನ್ನು. ಆದರೂ ಮೊದಲನೆಯ ಗುಂಪಿಗೆ ಅವರು ಹೆಚ್ಚು ದಯಾಳುಗಳಾಗಿಯೂ ಸರಸಿಗಳಾಗಿಯೂ ಕಂಡರು. ಅಭಿಪ್ರಾಯವಷ್ಟೇ ಅಲ್ಲ, ನಡತೆಯೂ ಬೇರೆಯಾಯಿತು: ಆ ಗುಂಪಿನಲ್ಲಿ ನೂರಕ್ಕೆ 56 ಮಂದಿ ಚರ್ಚೆಯಲ್ಲಿ ಮಾತನಾಡಿದರೆ, ಇನ್ನೊಂದರಲ್ಲಿ 32 ಮಂದಿ ಮಾತ್ರ. ಒಂದು ವಿಶೇಷಣವು ಅಷ್ಟು ಜನರ ಬಾಯಿ ಕಟ್ಟಿತು!

“ಗಣಿತದ ಮಾಷ್ಟ್ರು ಸಿಡುಕರು” ಎಂದು ಅಣ್ಣನು ತಮ್ಮನಿಗೆ ಹೇಳಿ ಕಳುಹಿಸಿದರೆ, ತಮ್ಮನ ಸಂದೇಹವು ಗಂಟಲಲ್ಲೇ ಉಳಿಯುತ್ತದೆ. ಹಿರಿಯರೇನು ಕಡಿಮೆಯೇ? ಶಾಲೆಗೆ ಸೇರಿಸಲು ಬಂದವರು ಮಗುವಿನ ಎದುರಿಗೇ “ಇವನ ತಲೆಗೆ ಏನೂ ಹತ್ತುವುದಿಲ್ಲ, ಮಾಷ್ಟ್ರೇ” ಎನ್ನುವುದುಂಟು. ಅದನ್ನು ಕೇಳಿದ ಬಳಿಕ ನಮಗೂ ಮಗುವಿನ ತಪ್ಪುಗಳೇ ಮೊದಲು ಕಾಣುತ್ತವೆ. ಆದುದರಿಂದ ಬರುವ ವರ್ಷದ ಪ್ರವೇಶದ ದಿನ ನಾವು ಮಗುವನ್ನು ಮೊದಲು ಮಾತನಾಡಿಸುವೆವು. ಪೋಷಕರು ಹೊರಗಿನ ಬೆಂಚಿನಲ್ಲಿ ತುಸು ಕಾಯಬೇಕಾದೀತು.